ನೀಲಿಯೂ ಅಲ್ಲ, ಹಸಿರೂ ಅಲ್ಲ, ಪುರುದಾ

ಇಪ್ಪತ್ತೆರಡು ವರ್ಷ ಪಾಠ ಹೇಳಿದವನು ಪಾಠ ಹೇಳಿಸಿಕೊಳ್ಳಲು ಕೂತರೆ, ನಗೆಪಾಟಲಾಗುವುದಕ್ಕೆ ದಿನಕ್ಕೊಂದು ನೆಪ ಸಿಗುತ್ತದೆ.

ಅರ್ಧ ಅಂಕ

ಹೆಂಡತಿ ತೀರಿಕೊಂಡ ಮೇಲೆ ನಾನೂ ಪಿಯುಸಿ ಓದುವ ಮಗಳೂ ಊಟದ ಹೊತ್ತಿಗೆ ಆಡುತ್ತಿದ್ದ ಮಾತು ಎರಡೇ: ‘ಉಪ್ಪು ಸಾಕಾ?’ ‘ಸಾಕು.’ ಅವಳು ಫೋನಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತಿದ್ದಳು. ಹೇಗಾದರೂ ಮೂರನೆಯ ಮಾತು ಹುಟ್ಟಲಿ ಎಂದು, ‘ನನಗೂ ಒಂದು ಪದ ಕಲಿಸು’ ಎಂದೆ.

‘ಪುರುದಾ. ಆಕಾಶದ ನೀಲಿಗೂ ಇದೇ, ಪೈರಿನ ಹಸಿರಿಗೂ ಇದೇ.’

‘ಎರಡು ಬಣ್ಣಕ್ಕೆ ಒಂದೇ ಪದವಾ? ನನ್ನ ತರಗತಿಯಲ್ಲಾದರೆ ಅರ್ಧ ಅಂಕ ಕಳೆಯುತ್ತಿದ್ದೆ.’

‘ಇಡೀ ದೇಶಕ್ಕೆ ಅರ್ಧ ಅಂಕ ಕಳೀತೀಯಾ ಅಪ್ಪ?’

ನಗಲಿಲ್ಲ. ಆದರೆ ಮಾತಾಡಿದಳು.

ಹೊಸ ತಳಿ

‘ಹತ್ತು ಕಡೆ ಈ ಪದ ಬಳಸಿ, ಬರೆದು ತಾ’ ಎಂದು ಹೋಂವರ್ಕ್ ಕೊಟ್ಟಳು. ಕ್ಯಾತನಹಳ್ಳಿಯ ಶಾಲೆಯಿಂದ ಬರುವಾಗ ಕಬ್ಬಿನ ಗದ್ದೆಯ ಮುಂದೆ ನಿಂತು, ಸ್ಪಷ್ಟವಾಗಿ ‘ಪುರುದಾ’ ಎಂದೆ. ಕಬ್ಬಿನೊಳಗಿಂದ ರೈತ ಎದ್ದು ಬಂದ.

‘ಯಾವ ತಳಿ ಮೇಷ್ಟ್ರೇ ಅದು? ಎಕ್ರೆಗೆ ಎಷ್ಟು ಟನ್ ಬತ್ತದೆ?’

‘ತಳಿಯಲ್ಲಪ್ಪ, ಕೊರಿಯಾದ್ದು.’

‘ಅಷ್ಟು ದೂರದಿಂದ ಬಿತ್ತನೆ ತರ್ಸೋದು ಕಷ್ಟ ಬುಡಿ.’

ಮಗಳು ನನ್ನ ಪುಸ್ತಕ ತಿದ್ದಿ, ಕೆಂಪು ಶಾಯಿಯಲ್ಲಿ ‘ಬರವಣಿಗೆ ಸುಧಾರಿಸಲಿ, ಪೋಷಕರ ಸಹಿ ಬೇಕು’ ಎಂದು ಬರೆದಳು. ಪೋಷಕರು ಯಾರೂ ಉಳಿದಿಲ್ಲ, ನಾನೇ ಹಾಕಿಕೊಂಡೆ.

ಎಡೆಯ ಸೀರೆ

ಪಿತೃಪಕ್ಷದಲ್ಲಿ ಎಡೆ ಇಡುವಾಗ ತೀರಿಕೊಂಡವರ ಮೆಚ್ಚಿನ ಬಟ್ಟೆಯನ್ನೂ ಇಡುವುದು ನಮ್ಮ ಮನೆಯ ಪದ್ಧತಿ. ಸಿಂಧಘಟ್ಟದಿಂದ ಬಂದ ನನ್ನಕ್ಕ ಟ್ರಂಕಿನ ಮುಂದೆ ಕೂತು ಕೇಳಿದಳು: ‘ಅವ್ಳ ಮೆಚ್ಚಿನ ರೇಷ್ಮೆ ಸೀರೆ ಯಾವ್ ಬಣ್ಣದ್ದುಲಾ? ನೀಲಿಯಾ, ಹಸುರಾ?’

ಕೊಂಡ ದಿನದಿಂದ ಆ ಸೀರೆಯನ್ನು ಹೆಂಡತಿ ನೀಲಿ ಎನ್ನುತ್ತಿದ್ದಳು, ನಾನು ಹಸಿರು ಎನ್ನುತ್ತಿದ್ದೆ. ಈಗ ನೀಲಿ ಎಂದರೆ ಹದಿನೆಂಟು ವರ್ಷದ ವಾದ ಸೋತಂತೆ. ಹಸಿರು ಎಂದರೆ ಎಡೆಯ ಮುಂದೆಯೂ ಅವಳೊಡನೆ ಜಗಳ ತೆಗೆದಂತೆ.

‘ಪುರುದಾ ಕಣಕ್ಕ’ ಎಂದೆ.

‘ಎಡೆ ಇಡೋ ದಿನ ಅದೇನ್ಲಾ ಬೈಗುಳ?’

ಅಡುಗೆಮನೆಯಲ್ಲಿ ಮಗಳು ನಕ್ಕಳು. ಏಳು ತಿಂಗಳಲ್ಲಿ ಮೊದಲ ಸಲ. ಕೈಯಲ್ಲಿದ್ದ ವಡೆಹಿಟ್ಟು ನೆಲಕ್ಕೆ ಬೀಳುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಥೇಟ್ ಅವರಮ್ಮನ ದನಿಯಲ್ಲೇ ಹೇಳಿದಳು:

‘ನೋಡಿದ್ರಾ ಅತ್ತೆ? ಕೊರಿಯಾಗಾದ್ರೂ ಹೋಗಿ ಬಂದಾರು, ಸೋತೆ ಅಂತ ಮಾತ್ರ ಒಪ್ಕಳಕ್ಕಿಲ್ಲ ಈ ಮನುಷ್ಯ!’