ಡಚ್ಚರ ದೀಪ ಮತ್ತು ಶುಕ್ರವಾರದ ಹುಣಸೆಹಣ್ಣು

ಹಳೆಯ ಸಾಮಾನಿನಲ್ಲಿ ಎರಡು ಜಾತಿ ಇದೆ ಎಂಬುದು ನನಗೆ ಗೊತ್ತಾದದ್ದು ಇಂಟರ್ ಮೊದಲ ವರ್ಷದಲ್ಲಿ. ಕಾಲೇಜಿನಲ್ಲಲ್ಲ, ಅಲ್ಲಿ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿದ್ದರೆ ಅದು ಹಳೇ ಸಾಮಾನು, ನೇವಿ ಕ್ವಾರ್ಟರ್ಸಿನ ಕಮಾಂಡರ್ ಮನೆಯಲ್ಲಿದ್ದರೆ ಅದು ‘ಆಂಟೀಕ್’. ಮೊದಲನೇ ಜಾತಿಗೆ ನಮ್ಮಲ್ಲಿ ಯಾವತ್ತೂ ಕೊರತೆ ಬಂದದ್ದಿಲ್ಲ. ಅಪ್ಪ ಬ್ಯಾಂಕ್ ಆಫೀಸರು. ಧಾರವಾಡದಿಂದ ವಿಜಯವಾಡ, ವಿಜಯವಾಡದಿಂದ ವಿಶಾಖಪಟ್ಟಣ ಎಂದು ಬ್ಯಾಂಕಿನವರು ಎತ್ತಿ ಒಗೆದಾಗಲೆಲ್ಲ ನಮ್ಮ ಕುರ್ಚಿ ಮೇಜುಗಳು ಒಂದಿಷ್ಟು ಮೂಳೆ ಮುರಿದುಕೊಂಡೇ ಲಾರಿಯಿಂದ ಇಳಿಯುತ್ತಿದ್ದವು. ವಿಜಯವಾಡದ ಭವಾನಿಪುರಂ ಮನೆಯಲ್ಲಿ ನೆಟ್ಟಗೆ ನಿಂತಿದ್ದ ಬೀರು ಇಲ್ಲಿಗೆ ಬಂದಮೇಲೆ ಕೃಷ್ಣಾ ನದಿಯ ದಿಕ್ಕಿಗೆ ವಾಲಿಕೊಂಡು ನಿಂತಿತು, ತವರು ನೆನಪಾದವರ ಹಾಗೆ. ಉಳಿದದ್ದನ್ನೆಲ್ಲ ಸಮುದ್ರ ವಹಿಸಿಕೊಂಡಿತು. ವಿಶಾಖಪಟ್ಟಣದ ಉಪ್ಪುಗಾಳಿಗೆ ಕಿಟಕಿ ಸರಳು ಹಪ್ಪಳದಂತೆ ಎದ್ದಿತು, ಅಪ್ಪನ ಸ್ಕೂಟರಿನ ಬಣ್ಣ ಹೋಗಿ ಅದು ಯಾರ ಸ್ಕೂಟರು ಎಂದು ಅಪ್ಪನಿಗೇ ಅನುಮಾನ ಬರತೊಡಗಿತು. ಇಷ್ಟೆಲ್ಲ ಮುದಿ ಸಾಮಾನು ಇಟ್ಟುಕೊಂಡು ಅಮ್ಮನಿಗೆ ಒಂದು ದಿನ ಅನ್ನಿಸಿತು: ನಮ್ಮ ಮನೆಯಲ್ಲಿ ಹಳೆಯದು ಅಂತ ಒಂದೂ ಇಲ್ಲ.

ಇದಕ್ಕೆ ಕಾರಣ ಶಾಂತಲಾ ಆಂಟಿ. ಅವರು ಮೈಸೂರಿನವರು, ಕಮಾಂಡರರ ಹೆಂಡತಿ. ನಮ್ಮ ಊರಿನ ಕಡೆಯ ಹೆಂಗಸರೆಲ್ಲ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಕನ್ನಡ ಉಳಿಸುವ ಕೆಲಸ ಮಾಡುತ್ತಿದ್ದರು. ಒಳಗೆ ಅವರು ಉಪ್ಪಿಟ್ಟು ತಿಂದು ಕನ್ನಡ ಉಳಿಸುತ್ತಿದ್ದಾಗ ಹೊರಗೆ ಬಾಲ್ಕನಿಯಲ್ಲಿ ಅವರ ಮಕ್ಕಳು ಶುದ್ಧ ತೆಲುಗಿನಲ್ಲಿ ಜಗಳವಾಡುತ್ತಿದ್ದರು. ಆ ತಿಂಗಳು ಸರದಿ ಆಂಟಿಯದು. ಅವರ ಹಾಲಿನ ಮೂಲೆಯಲ್ಲಿ ಒಂದು ಟೇಬಲ್ ಲ್ಯಾಂಪ್ ಇತ್ತು. ಯಾವುದೋ ಒಡೆದ ಹಡಗಿನದಂತೆ. ಕಪ್ಪಗೆ, ಜಿಡ್ಡಾಗಿ, ಒಂದು ಕಡೆ ನುಗ್ಗಾಗಿತ್ತು. ನಮ್ಮ ಮನೆಯಲ್ಲಿದ್ದಿದ್ದರೆ ಅಮ್ಮ ಅದನ್ನು ಬಚ್ಚಲಲ್ಲಿ ಕೂಡ ಇಡುತ್ತಿರಲಿಲ್ಲ. ಅಲ್ಲಿ ಮಾತ್ರ ಎಲ್ಲರೂ ದೇವರ ಮುಂದೆ ನಿಂತ ಹಾಗೆ ನಿಂತರು. ಅಮ್ಮ ಬೆರಳು ಚಾಚಿದ್ದೇ ತಡ, “ಅಯ್ಯೋ ಮುಟ್ಟಬೇಡಿ ರೀ, ಆಂಟೀಕ್!” ಎಂದರು ಆಂಟಿ.

ಅಮ್ಮ ಆ ಬೆರಳನ್ನು ಹಾಗೆಯೇ ಹಿಡಿದುಕೊಂಡು ಮನೆಗೆ ಬಂದಳು. “ಏನ್ರೀ, ಮುಂದಿನ ಸಲ ಎಲ್ಲಾರೂ ನಮ್ಮ ಮನೀಗೆ ಬರ್ತಾರ. ಅಷ್ಟರಾಗ ನಮಗೂ ಹಂಥಾದ್ದೊಂದು ದೀಪ ಬೇಕು.”

ಅಪ್ಪ ಪೇಪರಿನ ಹಿಂದಿನಿಂದಲೇ ಕೇಳಿದರು, “ಹಂಥಾದ್ದು ಅಂದ್ರ? ನುಗ್ಗಾಗಿದ್ದಾ? ಲಾರ್‍ಯಾಗ ಹಾಕಿ ಒಮ್ಮೆ ವಿಜಯವಾಡಾಕ್ಕ ಹೋಗಿಬಂದ್ರ ಆತು, ಯಾವ ದೀಪ ಆದರೂ ಹಂಗ ಆಗ್ತದ.”

ಇಲ್ಲಿ ನಾನು ಬಾಯಿ ಹಾಕಿದೆ. ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಮ್ಯಾಗಜೀನಿನಲ್ಲಿ ಹಳೇ ದೀಪಗಳ ಚಿತ್ರ ನೋಡಿದ್ದೆ. ಚಿತ್ರ ನೋಡಿದ ಮೇಲೆ ಲೇಖನ ಓದುವ ಅಗತ್ಯ ನನ್ನಂಥವರಿಗೆ ಇರುವುದಿಲ್ಲ. ಹಿತ್ತಾಳೆಯ ಬುಡ ಭಾರ ಇರಬೇಕು, ಕಿಲುಬು ಒಂದೇ ಸಮ ಹತ್ತಿರಬೇಕು, ಆ ಕಿಲುಬೇ ವಯಸ್ಸಿನ ಸರ್ಟಿಫಿಕೇಟು ಎಂದೆಲ್ಲ ಉಪನ್ಯಾಸ ಕೊಟ್ಟೆ. ಅಮ್ಮ ಬೆರಗಾಗಿ ಕೇಳುತ್ತಿದ್ದಳು. ಕಿಲುಬು ಎಂಬ ಮಾತು ಬಂದಾಗ ಮಾತ್ರ ಮುಖ ಸ್ವಲ್ಪ ಹುಳ್ಳಗಾಯಿತು. ನಾನು ಅದನ್ನು ಗಮನಿಸಬೇಕಿತ್ತು.

ನನಗೆ ಈ ಉತ್ಸಾಹ ಬಂದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಆ ಮನೆಯಲ್ಲಿ ಓದಲು ನನಗೆ ಜಾಗ ಇರಲಿಲ್ಲ. ಇದ್ದ ಒಂದೇ ಟ್ಯೂಬ್‌ಲೈಟಿನ ಕೆಳಗೆ ಅಮ್ಮ ಚವಳಿಕಾಯಿ ಸೋಸುತ್ತಿದ್ದಳು, ಅಪ್ಪ ಪೇಪರ್ ಹರಡುತ್ತಿದ್ದರು; ನಡುವೆ ಮಿಕ್ಕ ಅಂಗೈಯಷ್ಟು ಮೇಜಿನಲ್ಲಿ ನಾನು ಫಿಸಿಕ್ಸ್ ಬಿಡಿಸಬೇಕು. ಸ್ವಂತ ದೀಪ ಇದ್ದರೆ ಸ್ವಂತ ಮೂಲೆ, ಸ್ವಂತ ಮೂಲೆ ಇದ್ದರೆ ಯಾರಿಗೂ ಕಾಣದಂತೆ ಓದದೆ ಇರುವ ಸ್ವಾತಂತ್ರ್ಯ. ಅಪ್ಪನನ್ನು ಒಪ್ಪಿಸಿದೆ. ಕರಾರು ಹೀಗೆ: ಶಾಂತಲಾ ಆಂಟಿ ದೀಪ ನೋಡಿ ತಾವಾಗಿಯೇ “ಎಲ್ಲಿ ತಗೊಂಡ್ರಿ?” ಎಂದು ಕೇಳಿದರೆ ಆ ದೀಪ ನನ್ನ ಮೂಲೆಗೆ. ಕೇಳದಿದ್ದರೆ ಜನ್ಮವಿಡೀ ಚವಳಿಕಾಯಿ ಪಕ್ಕದಲ್ಲೇ ಓದು.

ಓಲ್ಡ್ ಟೌನಿನಲ್ಲಿ ಬಂದರಿನ ಹತ್ತಿರ ಹಳೇ ಸಾಮಾನು ಮಾರುವ ಅಪ್ಪಲರಾಜು ಎಂಬುವನ ಅಂಗಡಿಗೆ ಹೋದೆವು. ಅಮ್ಮನಿಗೆ ತೆಲುಗು ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ, ನಡುವೆ ದುಭಾಷಿ ನಾನು. ಇಷ್ಟು ಅಧಿಕಾರ ನನಗೆ ಆಮೇಲೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ. ಅಪ್ಪಲರಾಜುವಿನ ಅಂಗಡಿಯಲ್ಲಿ ವಂಶವಿಲ್ಲದ ದೀಪವೇ ಇರಲಿಲ್ಲ. ಒಂದು ಯಾವುದೋ ಜಮೀನ್ದಾರನದು, ಇನ್ನೊಂದು ಕಲೆಕ್ಟರ್ ದೊರೆಯದು, ಪಿಂಗಾಣಿಯದೊಂದು ರಂಗೂನಿನಿಂದ ಈಜಿಕೊಂಡು ಬಂದದ್ದು. ಮೂಲೆಯಲ್ಲಿ ಹಸಿರುಗಟ್ಟಿ ಕೂತಿದ್ದ ದಪ್ಪ ಹೊಟ್ಟೆಯ ಹಿತ್ತಾಳೆ ದೀಪಕ್ಕೆ ಕೈ ಹಾಕಿದೆ. ಅವನ ಧ್ವನಿ ತಗ್ಗಿತು. “ಇದಿ ಡಚ್ ದೊರಲ ಕಾಲಂ ನಾಟಿದಂಡಿ ಅಮ್ಮಗಾರೂ!” ಡಚ್ಚರ ಕಾಲದ್ದಂತೆ, ಹತ್ತಿರದ ಭೀಮುನಿಪಟ್ಟಣದಲ್ಲಿದ್ದ ಅವರ ಬಂಗಲೆಯಿಂದ ಬಂದದ್ದಂತೆ. ಡಚ್ಚರು ಬಲ್ಬಿನ ಹೋಲ್ಡರ್ ಯಾವ ಧೈರ್ಯದ ಮೇಲೆ ಹಾಕಿಸಿಕೊಂಡರು ಎಂದು ಕೇಳಿದೆ. ಹೋಲ್ಡರು ಆಮೇಲೆ ತಾನೇ ಹಾಕಿದ್ದು, ದೊರೆಗಳು ಎಣ್ಣೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದರು ಎಂದ.

ಅಮ್ಮ ಮೂಗು ಮುಚ್ಚಿಕೊಂಡು, “ಗುರ್‍ಯಾ, ಇದು ಅಟ್ಟದ ಮ್ಯಾಲೆ ಸತ್ತ ಹಲ್ಲಿ ಕಂಡಂಗ ಕಾಣ್ತದ. ಅರ್ಧಾ ರೊಕ್ಕಕ್ಕ ಕೊಡ್ತಾನೇನು ಕೇಳು” ಎಂದಳು. ನಾನು ಅದನ್ನು ತೆಲುಗಿಗೆ ತಂದದ್ದು ಹೀಗೆ: ಅಮ್ಮಗಾರಿಗೆ ನಿಮ್ಮ ದೀಪ ಬಹಳ ಹಿಡಿಸಿದೆ, ಆದರೆ ಬ್ಯಾಂಕಿನವರ ಸಂಬಳ ನಿಮಗೇ ಗೊತ್ತಲ್ಲ. ಅವನು ಕರಗಿದ. ಬೆಲೆ ಇಳಿಸಿ, ದೀಪವನ್ನು ತೆಲುಗು ಪೇಪರಿನಲ್ಲಿ ಸುತ್ತುತ್ತಾ ಬಹಳ ಹೊತ್ತು ಏನೇನೋ ಬುದ್ಧಿ ಹೇಳಿದ. ಕೊನೆಗೆ, “ತೋಮಕಂಡಿ ಬಾಬೂ, ತೋಮಿತೇ ಪೋಯಿಂದಂತೇ” ಎಂದ. ತಿಕ್ಕಬೇಡಿ, ತಿಕ್ಕಿದರೆ ಹೋಯಿತು ಅಂತ.

“ಏನಂತಾನ ಅಂವಾ?” ಅಮ್ಮ ಕೇಳಿದಳು.

“ದೀಪ ಚಲೋ ಅದ ಅಂತಾನ” ಎಂದೆ. ಹಳೇ ದೀಪ ಕೊಂಡು ಯಾರಾದರೂ ಅದನ್ನು ತಿಕ್ಕುತ್ತಾರೆಯೇ? ಅಷ್ಟು ತಿಳಿಯದ ಮನೆತನ ನಮ್ಮದಲ್ಲ ಎಂಬ ನಂಬಿಕೆ ನನ್ನದು.

ಹೆಂಗಸರು ಬರುವುದು ಶನಿವಾರ. ಶನಿವಾರಕ್ಕೆ ಮುಂಚೆ ಶುಕ್ರವಾರ ಬರುತ್ತದೆ ಎಂಬ ಸಣ್ಣ ವಿಷಯವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮ ಮನೆಯಲ್ಲಿ ಶುಕ್ರವಾರ ಹಿತ್ತಾಳೆ ತಾಮ್ರ ಎಂದು ಹೆಸರಿರುವುದೆಲ್ಲ ಬಚ್ಚಲಿಗೆ ಇಳಿಯಬೇಕು, ಹುಣಸೆಹಣ್ಣು ಬಳಿಸಿಕೊಳ್ಳಬೇಕು, ಬೂದಿ ತಿನ್ನಬೇಕು. ಭವಾನಿಪುರಂನ ಉರಿಯುವ ಬೇಸಿಗೆಯಲ್ಲೂ ಇದಕ್ಕೆ ರಜೆ ಇರಲಿಲ್ಲ. ಸಂಜೆ ಕಾಲೇಜಿನಿಂದ ಬಂದು ನೋಡುತ್ತೇನೆ, ಗಂಟೆ, ಆರತಿ, ಪಂಚಪಾತ್ರೆಗಳ ಸಾಲಿನಲ್ಲಿ ನಮ್ಮ ಡಚ್ಚನೂ ತಲೆಗೆ ಸ್ನಾನ ಮಾಡಿ ಕೂತಿದ್ದಾನೆ. ಕಣ್ಣು ಕುಕ್ಕುವ ಹೊಳಪು. ಹೊಟ್ಟೆಯ ಮೇಲೆ ಒಂದು ಬೊಟ್ಟು ಕುಂಕುಮ ಬೇರೆ.

“ಅಮ್ಮಾ! ಏನ್ ಮಾಡಿದಿ?”

“ಏನಾತೋ? ಎಷ್ಟು ಕೊಳಿ ಇತ್ತು ಅಂತಿ! ನಾಕು ಸಲ ತಿಕ್ಕೀನಿ. ಆ ಡಚ್ಚರ ಹೆಣ್ಮಕ್ಕಳು ಏನು ಸಂಸಾರ ಮಾಡ್ತಿದ್ರೋ ಏನೋ.”

ಅಪ್ಪ ಬ್ಯಾಂಕಿನಿಂದ ಬಂದವರು ಬೂಟು ಬಿಚ್ಚುತ್ತಾ ನೋಡಿ, “ಯಾರ ಲಗ್ನದಾಗ ಕೊಟ್ರು ಇದನ್ನ?” ಎಂದರು.

ಶನಿವಾರ ಬೆಳಿಗ್ಗೆ ನಾನು ದೀಪವನ್ನು ಬಾಲ್ಕನಿಯಲ್ಲಿ ಸಮುದ್ರಕ್ಕೆ ಎದುರಾಗಿ ಇಟ್ಟೆ. ಸ್ಕೂಟರನ್ನು ತಿಂದು ತೇಗಿದ ಗಾಳಿಗೆ ಇದೊಂದು ದೀಪ ಯಾವ ಲೆಕ್ಕ? ಗಾಳಿಯೇ ಬೀಸಲಿಲ್ಲ. ಬೇಡದಾಗ ಮನೆಗೇ ನುಗ್ಗುವ ಸಮುದ್ರ, ಬೇಕಾದ ದಿನ ರಜೆ ಹಾಕಿತು. ಇನ್ನು ವಿಜ್ಞಾನವೇ ಗತಿ ಎಂದು ಅಡಿಗೆಮನೆಯಿಂದ ಉಪ್ಪು, ಹಿಂಡಿದ ನಿಂಬೆಹೋಳು ತಂದು ಚೆನ್ನಾಗಿ ಉಜ್ಜಿದೆ, ಕಪ್ಪಾಗಲಿ ಅಂತ. ಅಮ್ಮ ಬಿಟ್ಟಿದ್ದ ಸಂದುಗೊಂದುಗಳೂ ಬಂಗಾರವಾದವು. ನಾನು ಕೆಮಿಸ್ಟ್ರಿ ತೆಗೆದುಕೊಂಡ ವಿದ್ಯಾರ್ಥಿ ಎಂಬುದನ್ನು ದಯವಿಟ್ಟು ನೆನಪಿಡಿ. “ನೋಡ್ರೀ, ನಮ್ಮ ಗುರ್‍ಯಾ ತಾನಾಗೇ ಕೆಲಸಾ ಮಾಡ್ಲಿಕ್ಕತ್ಯಾನ” ಎಂದು ಅಮ್ಮ ಅಪ್ಪನನ್ನು ಕರೆದು ತೋರಿಸಿದಳು.

ಸಂಜೆ ಹೆಂಗಸರು ಬಂದರು. ಎಲ್ಲರಿಗಿಂತ ತಡವಾಗಿ ಬಂದ ಶಾಂತಲಾ ಆಂಟಿ ಬಾಗಿಲಲ್ಲೇ ನಿಂತು ದೀಪ ನೋಡಿ ಕಣ್ಣು ಕಿರಿದು ಮಾಡಿದರು. “ಚೆನ್ನಾಗಿದೆ ರೀ. ಹೊಸದಾ?”

ಉಪ್ಪಿಟ್ಟಿನ ಚಮಚಗಳೆಲ್ಲ ಗಾಳಿಯಲ್ಲೇ ನಿಂತವು. ನಾನು ಪರದೆಯ ಹಿಂದೆ ಚವಳಿಕಾಯಿಗಳ ಜೊತೆ ಮಾನಸಿಕವಾಗಿ ರಾಜಿ ಮಾಡಿಕೊಳ್ಳತೊಡಗಿದೆ.

“ಹೊಸಾದಲ್ರೀ” ಅಂದಳು ಅಮ್ಮ. “ಡಚ್ಚರ ಕಾಲದ್ದು.”

“ಡಚ್ಚರದ್ದು ಹೀಗೆ ಫಳಫಳ ಅನ್ನತ್ತಾ?”

“ತಿಕ್ಕಿದ್ರ ಅಂತದ್ರೀ. ನಮ್ಮ ಮನ್ಯಾಗ ಶುಕ್ರವಾರ ತಿಕ್ಕಲಾರದ ಬಿಡೂದಿಲ್ಲ. ಯಾರ ಕಾಲದ್ದಾದ್ರೇನು, ಕೊಳಿ ಕೊಳೀನೇ ಅಲ್ಲೇನ್ರೀ?”

ಅಮ್ಮ ಇದನ್ನು ಯಾವ ದುರುದ್ದೇಶದಿಂದಲೂ ಹೇಳಲಿಲ್ಲ, ಅದೇ ದೊಡ್ಡ ಪೆಟ್ಟಾಯಿತು. ಅಲ್ಲಿದ್ದ ಅಷ್ಟೂ ಹೆಂಗಸರಿಗೆ ಹೋದ ತಿಂಗಳು ನೋಡಿದ ಜಿಡ್ಡು ದೀಪ ಒಟ್ಟಿಗೇ ನೆನಪಾಯಿತು. ಒಬ್ಬರು ಉಪ್ಪಿಟ್ಟನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಆಂಟಿಯ ಮುಖಕ್ಕೆ ಅವರ ಹಡಗಿನ ದೀಪದ್ದೇ ಬಣ್ಣ ಬಂತು. ಮಾತು ತಿರುಗಿಸಲೇಬೇಕಿತ್ತು ಪಾಪ, “ಅದಿರಲಿ, ಎಲ್ಲಿ ತಗೊಂಡ್ರಿ?” ಎಂದರು.

ನಾನು ಪರದೆಯ ಹಿಂದಿನಿಂದ ಸಿನಿಮಾ ಹೀರೋನಂತೆ ಹೊರಗೆ ಬಂದು, ಮೂಲೆಯಲ್ಲಿ ಕೂತಿದ್ದ ಅಪ್ಪನ ಕಡೆ ನೋಡಿದೆ. ಅಪ್ಪ ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದರು. ಆದರೆ ಕರಾರು ಕರಾರೇ.

ಮುಂದಿನ ವಾರ ಆಂಟಿಯ ಮನೆಯಿಂದ ಕರೆ ಬಂತು: ಕಮಾಂಡರ್ ಸಾಹೇಬರು ಸಮುದ್ರದಿಂದ ಬರುವಷ್ಟರಲ್ಲಿ ಅವರ ದೀಪವೂ ಹಾಗೆಯೇ ಹೊಳೆಯಬೇಕಂತೆ, ನಿಮ್ಮ ಗುರು ಬಹಳ ಚೆನ್ನಾಗಿ ತಿಕ್ಕುತ್ತಾನಂತಲ್ಲ, ಒಂಚೂರು ಕಳಿಸಿ. ಹೋಗಿ ತಿಕ್ಕಿಕೊಟ್ಟು ಬಂದೆ. ಕಮಾಂಡರರು ಬಂದು ಅದನ್ನು ನೋಡಿ ಏನಂದರು ಎಂದು ನಮಗೆ ಯಾರೂ ಹೇಳಲಿಲ್ಲ. ಆಂಟಿ ಮಾತ್ರ ಎರಡು ತಿಂಗಳು ಕನ್ನಡ ಉಳಿಸಲು ಬರಲಿಲ್ಲ.

ನನ್ನ ಮೂಲೆ ನನಗೆ ಸಿಕ್ಕಿತು. ಮೇಜಿನ ಮೇಲೆ ಡಚ್ಚ ಕೂತ. ಪ್ರತಿ ಶುಕ್ರವಾರ ಅವನಿಗೆ ಹುಣಸೆಹಣ್ಣಿನ ಅಭ್ಯಂಜನ ನನ್ನದೇ ಕೈಯಿಂದ. ದೀಪ ಯಾರದ್ದೋ, ತಿಕ್ಕುವ ಕೆಲಸವೂ ಅವರದ್ದೇ ಎಂದು ಅಮ್ಮ ಕರಾರಿಗೆ ಒಂದು ಸಾಲು ಸೇರಿಸಿದಳು. ತಿಕ್ಕಿ ತಿಕ್ಕಿ ಅದು ಕನ್ನಡಿಯಾಯಿತು. ಪುಸ್ತಕ ತೆರೆದು ಕೂತರೆ ಎದುರಿಗೆ ಅದರ ಹೊಟ್ಟೆಯಲ್ಲಿ ನನ್ನ ಮುಖ, ಊದಿದ ಕೆನ್ನೆ, ಕುಂಬಳಕಾಯಿಯಷ್ಟು ಮೂಗು. ಅದನ್ನು ನೋಡುತ್ತಾ, ತಲೆ ಬಾಚಿಕೊಳ್ಳುತ್ತಾ, ಹೊಸದಾಗಿ ಬರುತ್ತಿದ್ದ ಮೀಸೆಯ ಪ್ರಗತಿ ಪರೀಕ್ಷಿಸುತ್ತಾ ಒಂದು ವರ್ಷ ಕಳೆದೆ. ರಿಸಲ್ಟು ಬಂದ ದಿನ ಅಪ್ಪ ನನ್ನ ಕೆಮಿಸ್ಟ್ರಿ ಅಂಕ ನೋಡಿದರು, ದೀಪ ನೋಡಿದರು, ಮತ್ತೆ ನನ್ನನ್ನು ನೋಡಿದರು.

“ಹೊಳಪೇನೋ ಚಲೋ ಬಂದದ” ಎಂದು ದೀಪವನ್ನೆತ್ತಿಕೊಂಡು ತಮ್ಮ ಕೋಣೆಗೆ ಹೋದರು. ನಾನು ಪುಸ್ತಕ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಬಂದೆ. ಅಮ್ಮ ಚವಳಿಕಾಯಿಯನ್ನು ಅಂಗೈಯಷ್ಟು ಆಚೆ ಸರಿಸಿ ಜಾಗ ಮಾಡಿಕೊಟ್ಟಳು.