ಒಂದೇ ಚಪ್ಪಲಿ ಮಾರಿದ್ದು

ಒಂದೇ ಚಪ್ಪಲಿ ಮಾರುವ ಈ ಉಲ್ಟಾ ವಿಚಾರಕ್ಕೆ ನಾನು ತೆತ್ತ ಬೆಲೆ ಒಂದು ಹೊಲಿಗೆ ಮಿಷನ್. ಮಿಷನ್ ನನ್ನದಲ್ಲ, ಹೆಂಡತಿಯದು. ತವರಿನಿಂದ ಬಂದದ್ದು, ಕಾಲಲ್ಲಿ ತುಳಿಯುವಂಥದ್ದು. ಯಾಕೆ ತೆತ್ತೆ ಅಂದರೆ, ಎಲ್ಲರೂ ಮಾರುವುದನ್ನೇ ಮಾರುವವನು ಜೀವನವಿಡೀ ಪಕ್ಕದ ಅಂಗಡಿಯವನ ರೇಟು ಕೇಳುತ್ತ ಕೂರಬೇಕಾಗುತ್ತದೆ ಎಂಬುದು ನನ್ನ ನಂಬಿಕೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಮಲ್ಲಟದಿಂದ ಬರಿಗೈಯಲ್ಲಿ ದೇವದುರ್ಗಕ್ಕೆ ಬಂದು, ಬಸ್ ಸ್ಟ್ಯಾಂಡಿನ ಎದುರಿಗೆ ಚಪ್ಪಲಿಯ ಡಬ್ಬಿ ಅಂಗಡಿ ಇಟ್ಟವನು ನಾನು. ಚೌಕಾಶಿ ನನಗೆ ಉಸಿರಾಟ ಇದ್ದಂತೆ. ನನ್ನ ಮದುವೆಯ ದಿನವೇ ಬಾಜಾದವರ ಜತೆ ಚೌಕಾಶಿಗೆ ನಿಂತು ಮುಹೂರ್ತ ಮೀರಿಸುವುದರಲ್ಲಿದ್ದೆ. ಡಾಕ್ಟರರ ಹತ್ತಿರ ಹೋದರೂ ಅರ್ಧ ಇಂಜೆಕ್ಷನ್ ಹಾಕಿದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳುವ ಪೈಕಿ.

ಇನ್ನೊಂದು ರೋಗವೂ ನನಗಿದೆ. ಗಿರಾಕಿ ಇಲ್ಲದಿದ್ದರೆ ಕೂತಲ್ಲಿ ಕೂರಲಾಗುವುದಿಲ್ಲ. ಮೇಲೆ ತೂಗುಹಾಕಿದ ಚಪ್ಪಲಿ ಕೆಳಗಿಡುತ್ತೇನೆ, ಕೆಳಗಿನದನ್ನು ಮೇಲೆ ತೂಗುಹಾಕುತ್ತೇನೆ, ರಸ್ತೆ ದಾಟಿ ಹೋಗಿ ನನ್ನ ಅಂಗಡಿಯನ್ನೇ ಗಿರಾಕಿಯ ಹಾಗೆ ನೋಡಿ ಬರುತ್ತೇನೆ. ಪಕ್ಕದಲ್ಲಿ ಛತ್ರಿ, ಕೀಲಿ ರಿಪೇರಿ ಮಾಡುವ ಖಾಸೀಮ್ ಸಾಬರು, “ಸೇಠ್, ಜರಾ ಕುಂದರ್ರಿ. ನಿಮ್ಮನ್ನ ನೋಡಿ ನೋಡಿ ನನ್ನ ಕಾಲು ನೋಯಾಕತ್ತ್ಯಾವ” ಅನ್ನುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳವು. ರಾಯಚೂರಿಗೆ ಹೋಗುವ ಬಸ್ಸುಗಳು ಕಡಿಮೆ, ಹತ್ತುವವರು ಹೆಚ್ಚು. ಬಸ್ಸು ಬಂತೆಂದರೆ ಬಾಗಿಲಲ್ಲಿ ಕುಸ್ತಿ. ಒಂದು ದಿನ ಆ ಕುಸ್ತಿಯಲ್ಲಿ ಸೋತ ಹಿರಿಯರೊಬ್ಬರು ಒಂದೇ ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. “ಒಂದಽ ಕೊಡ್ರಿ. ಇದು ಇನ್ನೂ ಗಟ್ಟಿ ಅದ” ಅಂದರು. ಸಾಲಿನಲ್ಲಿದ್ದ ಚಪ್ಪಲಿ ಅಂಗಡಿಯವರೆಲ್ಲ ನಕ್ಕರು, ನಾನೂ ನಕ್ಕೆ. ಅವರು ಏನೂ ಕೊಳ್ಳದೆ ಬರಿಗಾಲಲ್ಲಿ ಹೋದರು. ಆಮೇಲೆ ನನಗೆ ಕಸಿವಿಸಿ ಶುರುವಾಯಿತು. ಬಾಗಿಲಿಗೆ ಬಂದ ಗಿರಾಕಿ ನಮ್ಮೆಲ್ಲರನ್ನೂ ದಾಟಿಕೊಂಡು ಹೋಗಿದ್ದ! ಎಲ್ಲರೂ ಹೆಚ್ಚು ಮಾರುವುದು ಹೇಗೆಂದು ಯೋಚಿಸುತ್ತಾರೆ. ಅರ್ಧ ಮಾರಿದರೆ ಹೇಗೆ? ಊರಲ್ಲಿ ಬಹಳ ಮಂದಿ ತೊಡುವುದು ಒಂದೇ ನಮೂನೆಯ ನೀಲಿ ಬಾರಿನ ರಬ್ಬರ್ ಚಪ್ಪಲಿ; ಅಳತೆ ಕೂಡಿದರೆ ಯಾವುದಕ್ಕೆ ಯಾವುದಾದರೂ ಜೋಡಿ.

ಅದಕ್ಕೆ ಎಲ್ಲ ಅಳತೆಯ ಮಾಲು ಬೇಕು, ಮಾಲಿಗೆ ಬಂಡವಾಳ ಬೇಕು. ಮಾನ್ವಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಅಮರೇಶ, ಅಕ್ಕನ ಮಿಷನ್ ಒತ್ತೆ ಇಟ್ಟರೆ ಕೊಡುತ್ತೇನೆಂದ. ಹೆಂಡತಿ ಗಂಗಮ್ಮನಿಗೆ ಹೇಳಿದೆ.

“ಜೋಡು ಮಾರಾಕ ಬರಂಗಿಲ್ಲ, ಒಂಟಿ ಮಾರ್ತೀರೇನು?” ಅಂದಳು.

“ಅದರಾಗಽ ಮಜಾ ಅದ. ಯಾರೂ ಮಾರದ್ದು ಮಾರಿದ್ರ ರೇಟು ನಾವು ಹೇಳಿದ್ದಽ.”

ಅವಳು ಬಹಳ ಹೊತ್ತು ಮಿಷನ್ ಚಕ್ರ ಒರೆಸಿದಳು. “ಮದುವಿ ಸೀಜನ್ ಬರೋದ್ರಾಗ ಇದು ಮನಿಯಾಗಿರಬೇಕು. ಕುಬಸ ಹೊಲಸಾಕ ಮಂದಿ ಬಂದ್ರ ನಿಮ್ಮ ಒಂಟಿ ಚಪ್ಪಲಿ ತೋರಸ್ಲೇನು?”

ಮಾತಿನಲ್ಲಿ ನ್ಯಾಯವಿತ್ತು. ನನ್ನ ಅಂಗಡಿ ಮಲಗಿದಾಗಲೆಲ್ಲ ಮನೆಗೆ ಜೋಳ ತಂದದ್ದು ಆ ಮಿಷನ್ನೇ. ಆಗಲಿ ಎಂದು ಮಾತು ಕೊಟ್ಟೆ. ಮಿಷನ್ ಬಸ್ಸಿನ ಮೇಲೇರಿ ಮಾನ್ವಿಗೆ ಹೋಯಿತು; “ಒಂದೇ ಚಪ್ಪಲಿ ಸಿಗುತ್ತದೆ” ಎಂಬ ಬೋರ್ಡು ಅಂಗಡಿಯ ಮೇಲೇರಿತು.

ಮೊದಲು ಜನ ನಗಲಿಕ್ಕೆ ಬಂದರು. ಖಾಸೀಮ್ ಸಾಬರು, “ನಾಳಿ ಅರ್ಧ ಲುಂಗಿನೂ ಮಾರ್ತೀರೇನು ಸೇಠ್?” ಅಂದರು. ಆದರೆ ಪ್ರತಿ ಬಸ್ಸೂ ಹೊರಟ ಮೇಲೆ ಯಾರಾದರೊಬ್ಬರು ಕುಂಟುತ್ತ ಬರತೊಡಗಿದರು. ಒಬ್ಬ ಹೆಣ್ಣುಮಗಳಂತೂ ಸೊಂಟಕ್ಕೆ ಕೈಯಿಟ್ಟು ನಿಂತಳು: “ಒಂದಕ್ಕ ಅರ್ಧ ರೇಟಲ್ಲೇನು? ಮ್ಯಾಲಿನ ಒಂದು ರೂಪಾಯಿ ಯಾತಕ್ಕ?” ನಾನೆಂದೆ, “ನೀ ಒಂದು ಒಯ್ತಿ ಯವ್ವಾ, ಇನ್ನೊಂದನ್ನ ನಾ ಸಾಕಬೇಕಲ್ಲ!” ಅವಳು ನಕ್ಕು ಕೊಟ್ಟಳು. ನನಗೆ ರೆಕ್ಕೆ ಬಂದಂತಾಯಿತು.

ರೆಕ್ಕೆ ಕತ್ತರಿಸಿದ್ದು ಗಂಗಮ್ಮನ ಕಸಬರಿಗೆ. ಒಂದು ಬೆಳಿಗ್ಗೆ ಅಂಗಡಿ ಗುಡಿಸುತ್ತ, “ಏನ್ರೀ, ಇಲ್ಲಿ ಉಳದಾವೆಲ್ಲ ಬಲಗಾಲಿನವಽ ಅದಾವಲ್ಲ?” ಅಂದಳು. ಹೋಗಿ ನೋಡಿದೆ, ಗುಡ್ಡೆಯಲ್ಲಿ ಎಡಗಾಲಿನದು ಹುಡುಕಿದರೂ ಇಲ್ಲ. ಅರ್ಧ ಜನ ಎಡಗಾಲಿನದು, ಅರ್ಧ ಜನ ಬಲಗಾಲಿನದು ಕಳೆದುಕೊಳ್ಳುತ್ತಾರೆಂದು ಲೆಕ್ಕ ಹಾಕಿದ್ದೆ. ಬಸ್ಸಿನ ಬಾಗಿಲ ಹತ್ತಿರ ನಿಂತು ಕಾಲು ನೋಡತೊಡಗಿದೆ. ಜನ ನನ್ನನ್ನು ಜೇಬುಗಳ್ಳನೆಂದು ತಿಳಿದು ಜೇಬು ಹಿಡಿದುಕೊಂಡರು. ವಿಷಯ ಸರಳವಾಗಿತ್ತು. ಪ್ರಯಾಣಕ್ಕೆ ಹೊರಟವರು, ನಮ್ಮ ಪದ್ಧತಿಯಂತೆ, ಮೆಟ್ಟಿಲ ಮೇಲೆ ಮೊದಲು ಬಲಗಾಲಿಡುತ್ತಾರೆ. ಹಿಂದಿನವರು ತುಳಿಯುವುದು ನೆಲದ ಮೇಲೆ ಉಳಿದ ಎಡಗಾಲನ್ನು; ಕಳಚಿದ ಚಪ್ಪಲಿ ಬಸ್ಸಿನ ಚಕ್ರದ ಪಾಲು!

ಮದುವೆ ಸೀಜನ್ ಹತ್ತಿರ ಬರುತ್ತಿತ್ತು, ನನ್ನ ಬಂಡವಾಳವೆಲ್ಲ ಬಲಗಾಲಾಗಿ ಬಿದ್ದಿತ್ತು. ಅಂಗಡಿಯ ಮುಂದೆ ಅತ್ತಿಂದಿತ್ತ ತಿರುಗುವಾಗ ಹೊಳೆಯಿತು: ಹತ್ತುವುದು ಹೀಗಾದರೆ ಇಳಿಯುವುದು? ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುವವರಿಗೆ ಕಂಡಕ್ಟರ್ “ಎಡಗಾಲು ಮುಂದ ಇಡ್ರಿ” ಎಂದು ಕೂಗುತ್ತಾನೆ. ಹಾಗಾದರೆ ಗದ್ದಲದಲ್ಲಿ ಸಿಕ್ಕಿಕೊಳ್ಳುವುದು ಬಲಗಾಲು. ಇಳಿಯುವ ಊರಿಗೆ ಹೋಗಬೇಕು!

ಅಂಗಡಿಯ ಕೀಲಿ ಗಂಗಮ್ಮನ ಕೈಗಿಟ್ಟು, ಚೀಲ ಹೊತ್ತು ರಾಯಚೂರಿಗೆ ಹೋದೆ. ಬಲಗಾಲಿನ ಚಪ್ಪಲಿ ಕಳಚಿಕೊಂಡೇ ಇಳಿದರು ಜನ, ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ರಾಯಚೂರಿನಲ್ಲಿ ಬಸ್ಸು ಅಲ್ಲೇ ನಿಂತಿರುತ್ತದೆ. ಇಳಿದವರು ತಿರುಗಿ ಹತ್ತಿ ತಮ್ಮ ಚಪ್ಪಲಿ ತಾವೇ ಹುಡುಕಿಕೊಂಡರು. ಸಂಜೆಯವರೆಗೆ ನಾನು ಮಾರಿದ್ದು ಸೊನ್ನೆ. ಬಿಸಿಲಿಗೆ ಚಪ್ಪಲಿಗಳು ಮೆತ್ತಗಾದವು, ನಾನೂ ಮೆತ್ತಗಾದೆ.

ನನಗೆ ಬೇಕಾದದ್ದು ಬಸ್ಸು ಜನರನ್ನು ಇಳಿಸಿದ ಕೂಡಲೇ ಮುಂದೆ ಹೋಗುವ ಊರು. ಅಂದರೆ ಮಾನ್ವಿ. ಅಲ್ಲಿ ಜನ ಇಳಿಯುತ್ತಾರೆ, ಚಪ್ಪಲಿ ಸಿಂಧನೂರಿಗೆ ಹೋಗುತ್ತದೆ. ಕಷ್ಟವೇನೆಂದರೆ, ಬಸ್ಸು ನಿಲ್ಲುತ್ತಿದ್ದದ್ದು ಸರಿಯಾಗಿ ಅಮರೇಶನ ಅಂಗಡಿಯ ಮುಂದೆ.

“ಮಾಮಾ, ಒಳಗ ಬಂದು ಕುಂದರ್ರಿ. ಅಮರೇಶನ ಮಾಮಾ ರೋಡಿನ್ಯಾಗ ಒಂಟಿ ಚಪ್ಪಲಿ ಮಾರ್ತಾನ ಅಂತಾರ ಮಂದಿ” ಅಂದ, ನಾನು ಅಲ್ಲಿ ಚೀಲ ಇಳಿಸುತ್ತಲೇ.

“ಅನ್ಲಿ ಬಿಡಪಾ, ಪುಕ್ಕಟೆ ಪ್ರಚಾರ” ಅಂದೆ. ಒಳಗಿನಿಂದ ಗಂಗಮ್ಮನ ಮಿಷನ್ ಕಟಕಟ ಅನ್ನುತ್ತಿತ್ತು. ಅಮರೇಶನ ಹೆಂಡತಿ ಅದರಲ್ಲಿ ಪರದೆ ಹೊಲಿಯುತ್ತಿದ್ದಳು. ಆ ಸದ್ದಿಗೆ ನಾನು ನಿಂತಲ್ಲಿ ನಿಲ್ಲಲಾರದಾದೆ.

ಅಷ್ಟರಲ್ಲಿ ಒಬ್ಬ ಮೇಷ್ಟ್ರು ಬಸ್ಸಿನ ಹಿಂದೆ ಕುಂಟುತ್ತ ಓಡಿ, ಧೂಳು ನುಂಗಿ ವಾಪಸು ಬಂದರು. “ಬರ್ರಿ ಸರ, ಬಲಗಾಲಿಂದಲ್ರೀ?” ಅಂದೆ. ಅವರು ನನ್ನನ್ನು ಜ್ಯೋತಿಷಿಯನ್ನು ನೋಡಿದಂತೆ ನೋಡಿದರು.

“ನಿಮಗ ಹೆಂಗ ಗೊತ್ತಾತು?”

“ಗೊತ್ತಾಗಿದ್ದಕ್ಕ ಎಂಟಾಣೆ ಹೆಚ್ಚರಿ.”

ಕೊಟ್ಟರು! ಚೀಲ ಖಾಲಿಯಾಗುವವರೆಗೆ ಅಮರೇಶನ ಮನೆಯಲ್ಲೇ ಉಂಡು ಮಲಗಿ ಮಾರಿದೆ. ಆ ಹುಮ್ಮಸ್ಸಿನಲ್ಲಿ ಹೊಸ ಮಾಲಿಗೂ ಹೇಳಿಕಳಿಸಿದೆ. ಕೊನೆಯ ಚಪ್ಪಲಿ ಹೋದ ಕೂಡಲೇ ಎದೆಯುಬ್ಬಿಸಿ ಅಮರೇಶನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, “ತೊಗೋಪಾ ನಿನ್ನ ರೊಕ್ಕ. ಮಿಷನ್ ಹೊರಗ ತೆಗಿ” ಅಂದೆ.

“ಅಕ್ಕ ನಿನ್ನೆಽ ಕಂಡಕ್ಟರ್ ಕೈಯಾಗ ರೊಕ್ಕ ಕೊಟ್ಟು ಕಳಿಸ್ಯಾಳ್ರಿ ಮಾಮಾ. ಮಿಷನ್ ನಿಮ್ಮ ಕೈಲೆ ಕಳಿಸು ಅಂದಾಳ.”

“ಆಕಿಗೆ ರೊಕ್ಕ ಎಲ್ಲಿಂದ ಬಂತಲೇ?”

“ಹೋಗಿ ನೋಡ್ರಿ” ಎಂದು ನಕ್ಕ.

ಮಿಷನ್ ಸಮೇತ ದೇವದುರ್ಗದಲ್ಲಿ ಇಳಿದು ನೋಡಿದರೆ ಎದುರಿನ ಬಸ್ಸಿಗೆ ಅದೇ ಕುಸ್ತಿ ನಡೆದಿತ್ತು, ನೆಲದ ಮೇಲೆ ಮಾತ್ರ ಒಂದು ಚಪ್ಪಲಿಯೂ ಬೀಳಲಿಲ್ಲ. ಪ್ರತಿ ಹಿಮ್ಮಡಿಗೂ ಒಂದೊಂದು ಬಟ್ಟೆಯ ಪಟ್ಟಿ. ಕೆಂಪು, ಹಸಿರು, ಕುಬಸದ ತುಂಡಿನವು. ನನ್ನ ಅಂಗಡಿಯ ಮುಂದೆ ಸರತಿ. ಖಾಸೀಮ್ ಸಾಬರು ಚಪ್ಪಲಿಗೆ ತೂತು ಹಾಕಿ ಕೊಡುತ್ತಿದ್ದರು, ಗಂಗಮ್ಮ ಕೈಸೂಜಿಯಲ್ಲಿ ಪಟ್ಟಿ ಹೊಲಿಯುತ್ತಿದ್ದಳು. ನನ್ನ ಬೋರ್ಡನ್ನು ಮಗುಚಿ ಹಿಂಬದಿಗೆ ಬರೆದಿದ್ದಳು: “ಚಪ್ಪಲಿ ಕಳೆಯದಂತೆ ಪಟ್ಟಿ ಹಾಕಲಾಗುವುದು.”

“ನನ್ನ ವ್ಯಾಪಾರಕ್ಕ ಕಲ್ಲು ಹಾಕಿದ್ಯಲ್ಲಲೇ!” ಅಂದೆ.

ಅವಳು ದಾರ ಹಲ್ಲಿನಿಂದ ಕಡಿದಳು. “ನೀವು ಕಳಕೊಂಡೋರನ್ನ ಕಾಯ್ಕೋತ ಕುಂತ್ರಿ. ನಾ ಇನ್ನಾ ಕಳಕೊಳ್ಳದೋರನ್ನ ಕರದೆ. ಅವರಽ ಭಾಳ ಮಂದಿ ಅದಾರ. ಮಿಷನ್ ಒಳಗ ಇಡ್ರಿ, ಕೈ ನೋಯಾಕತ್ತಾವ.”

ಖಾಸೀಮ್ ಸಾಬರು ತಲೆಯೆತ್ತದೆ, “ಸೇಠ್, ಪಾಳಿ ತಪ್ಪಿಸಬ್ಯಾಡ್ರಿ, ಹಿಂದ ನಿಂದರ್ರಿ” ಅಂದರು.

ಹೊಸ ಮಾಲು ಬಂತು. ಎಲ್ಲರ ಹಾಗೆ ಜೋಡಿಯಾಗಿಯೇ ಮಾರಿದೆ, ಅದೂ ಪಟ್ಟಿ ಹಾಕಿಕೊಡುತ್ತಾರೆಂಬ ಕಾರಣಕ್ಕೆ ಖರ್ಚಾಯಿತು.

ಓದುಗರೇ, ನಿಮಗೆ ಪುಕ್ಕಟೆ ಹೇಳುತ್ತೇನೆ, ಇದು ನನ್ನ ಸ್ವಭಾವಕ್ಕೆ ವಿರುದ್ಧ. ಉಲ್ಟಾ ವಿಚಾರ ಮಾಡಿ, ಖಂಡಿತ ಮಾಡಿ. ಆದರೆ ಒಮ್ಮೆ ಮಗುಚಿದ್ದನ್ನು ಇನ್ನೊಮ್ಮೆಯೂ ಮಗುಚಿ ನೋಡಿ. ಜನರ ನಷ್ಟದ ಮೇಲೆ ಅಂಗಡಿ ಇಟ್ಟರೆ, ಆ ನಷ್ಟ ನಿಂತ ದಿನ ಏನು ಮಾರುತ್ತೀರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಊರು ಬಿಟ್ಟು ಹೋಗುವಾಗ ಅಂಗಡಿಯನ್ನು ನಿಮಗಿಂತ ಜಾಣರ ಕೈಗೆ ಒಪ್ಪಿಸಿ, ವ್ಯಾಪಾರ ಉಳಿಯುತ್ತದೆ. ಹಾಗೆ ಒಪ್ಪಿಸುವವರು ಕತ್ತರಿ ಹಿಡಿಯುವುದನ್ನು ಮಾತ್ರ ಮೊದಲೇ ಕಲಿತಿರಬೇಕು. ನಾನು ಕಲಿತಿರಲಿಲ್ಲ. ಮದುವೆ ಸೀಜನ್ ಪೂರ್ತಿ ಒಂದೇ ಕಡೆ ಕೂತು ಪಟ್ಟಿ ಕತ್ತರಿಸಿದೆ. ಸೊಟ್ಟಗಾದವನ್ನೆಲ್ಲ ಗಂಗಮ್ಮ ವಾಪಸು ಎಸೆದಳು, ಒಂದರ ಮೇಲೂ ಚೌಕಾಶಿಗೆ ಬಗ್ಗಲಿಲ್ಲ.