ಚೀಟಿ ಇಲ್ಲದೆ ಮಗು ಇಲ್ಲ

ಯೇಸುಸ್ವಾಮಿಯೇ ಖುದ್ದಾಗಿ ಗೇಟಿಗೆ ಬಂದು ‘ಮಕ್ಕಳನ್ನು ಕಳಿಸಮ್ಮ’ ಎಂದರೂ ನಮ್ಮ ಸೋದರತ್ತೆ ಬಿಡುವವರಲ್ಲ. ‘ಚೀಟಿ ಎಲ್ಲಿ ಸ್ವಾಮಿ?’ ಎಂದೇ ಕೇಳುತ್ತಾರೆ! ಉತ್ಪ್ರೇಕ್ಷೆ ಅನ್ನುತ್ತೀರಾ? ಚನ್ನರಾಯಪಟ್ಟಣಕ್ಕೆ ಬಂದು ನೋಡಿ.

ಅಲ್ಲಿನ ಚರ್ಚಿನ ಸಂಡೇ ಸ್ಕೂಲಿಗೆ ನಾನು ಹುಟ್ಟುವ ಮೊದಲಿಂದಲೂ ಅತ್ತೆಯೇ ಟೀಚರು. ಹಾಜರಿ ಪುಸ್ತಕ ಇಟ್ಟವರಲ್ಲ. ಬಾಗಿಲ ಹೊರಗಿನ ಚಪ್ಪಲಿ ಎಣಿಸುತ್ತಾರೆ. “ಚಪ್ಲಿ ಐತಾ? ಮಗೀನೂ ಐತೆ. ಅಷ್ಟೇ ಕಣೆ!”

ಈಚೆಗೆ ಹಾಸನದಲ್ಲಿ ಟೀಚರುಗಳಿಗೆಲ್ಲ ತರಬೇತಿ ಆಯಿತು. ಪರದೆಯ ಮೇಲೆ ವಿಡಿಯೋ ಪಾಠ, ಮೊಬೈಲಿನಲ್ಲಿ ಕ್ವಿಜ್, ಕುಣಿದು ಹಾಡುವ ಹಾಡು ಎಲ್ಲವನ್ನೂ ಹೇಳಿಕೊಟ್ಟರು. ಅತ್ತೆ ಅಷ್ಟನ್ನೂ ಅಲ್ಲೇ ಬಿಟ್ಟು ಒಂದನ್ನು ಮಾತ್ರ ಹೊತ್ತು ತಂದರು. ಮಗುವಿನ ಅಂಗಿಗೆ ನಂಬರಿನ ಚೀಟಿ, ಅದೇ ನಂಬರಿನ ಇನ್ನೊಂದು ಚೀಟಿ ಹೆತ್ತವರ ಕೈಗೆ. ಅದನ್ನು ತೋರಿಸಿದವರಿಗೆ ಮಾತ್ರ ಮಗು.

ಬೇಸಿಗೆ ರಜೆಯಲ್ಲಿ ಚರ್ಚಿನಲ್ಲಿ ಹತ್ತು ದಿನದ ಮಕ್ಕಳ ಶಿಬಿರ. ಹತ್ತು ದಿನಕ್ಕೂ ಅದೇ ಜೋಡಿ ಚೀಟಿ. ಸಹಾಯಕ್ಕೆಂದು ನಾನೂ ಹೋಗಿದ್ದೆ. ಎಂಟನೆಯ ದಿನ ಮಗಳನ್ನು ಕರೆದೊಯ್ಯಲು ಸಭಾಪಾಲಕರು ಬರಿಗೈಲಿ ಬಂದರು.

“ಬೆಳಗ್ಗೆ ಪ್ರಾರ್ಥನೆ ಮಾಡಿಸ್ದೋನು ನಾನೇ ಅಲ್ವೇನಮ್ಮ?”

“ಪ್ರಾರ್ಥನೆಗೆ ಚೀಟಿ ಬ್ಯಾಡ ಅಯ್ಯನೋರೆ. ಮಗೀಗೆ ಬೇಕು.”

ಮಕ್ಕಳೆಲ್ಲ ನೋಡುತ್ತಿದ್ದಂತೆ ಅಯ್ಯನವರು ಬಿಸಿಲಲ್ಲಿ ಮನೆಗೆ ಹೋಗಿ ಚೀಟಿ ತಂದರು! ಸಂಜೆ ಕಮಿಟಿ ಕೂತಿತು. ಇನ್ನೊಂದು ದೂರು ಬಂದರೆ ಕ್ಲಾಸು, ಪರದೆ ಹಾಕಿ ವಿಡಿಯೋ ಪಾಠ ಮಾಡಲು ಕಾದಿದ್ದ ಚರ್ಚಿನ ಯುವಕರಿಗೆ ಎಂದು ತೀರ್ಮಾನವಾಯಿತು. ಅತ್ತೆ ಕಾಫಿ ಮುಟ್ಟಲಿಲ್ಲ. “ಮಕ್ಳಿಲ್ದೆ ಭಾನುವಾರ ನಾನೇನ್ ಮಾಡ್ಲೇ?” ಎಂದರು. ಜಗಮೊಂಡಿ ಹೆಂಗಸಿನ ಬಾಯಲ್ಲಿ ಇಂಥ ಮಾತು!

ಕೊನೆಯ ದಿನ ಮಧ್ಯಾಹ್ನ ಗೇಟಿನಲ್ಲಿ ಹಿರೀಸಾವೆಯಿಂದ ಬಂದ ಅಜ್ಜಿಯೊಬ್ಬರ ಜೊತೆ ಜಟಾಪಟಿ. ಆಕೆ ಚೀಟಿಯಲ್ಲಿ ಎಲೆಅಡಿಕೆ ಸುತ್ತಿಟ್ಟಿದ್ದರಿಂದ ನಂಬರೆಲ್ಲ ಸುಣ್ಣವಾಗಿತ್ತು. “ಮೊಮ್ಮಗನ ಮೂತಿ ನೋಡವ್ವಾ, ನನ್ ಮೂತಿ ನೋಡು! ಇನ್ಯಾವ ಚೀಟಿ ಬೇಕವ್ವಾ ನಿಂಗೆ?” ಅರ್ಧ ಗಂಟೆಯಾದ ಮೇಲೆ ಮೂಗಿನ ಹೋಲಿಕೆ ನೋಡಿ ಅತ್ತೆ ಬಿಟ್ಟರು.

ಆಮೇಲೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬಳು ಆರು ವರ್ಷದ ಮಗಳಿಗಾಗಿ ಓಡೋಡಿ ಬಂದಳು. “ಚೀಟಿ ಮನೆ ಕಿಟ್ಕೀಲೇ ಬಿಟ್ಬುಟ್ಟೆ ಕಣಕ್ಕಾ.”

“ತಗೊಂಬಾ ಓಗು. ನಿನ್ ಮಗಳು ಇಲ್ಲೇ ಭದ್ರವಾಗವಳೆ, ನೋಡು ಚಪ್ಲಿ!”

ಕೆಂಪು ಚಪ್ಪಲಿ ಇತ್ತು. ಒಳಗೆ ಹೋಗಿ ನೋಡಿದರೆ ಮಗು ಇರಲಿಲ್ಲ.

ಬೆಂಚಿನ ಕೆಳಗೆ, ಬಚ್ಚಲಲ್ಲಿ, ಹಿತ್ತಲಲ್ಲಿ ಹುಡುಕಿದೆವು. ಎಲ್ಲೂ ಇಲ್ಲ! ತಾಯಿ ನೆಲಕ್ಕೆ ಕುಸಿದಳು. ಅತ್ತೆ ಬರಿಗಾಲಲ್ಲೇ ರಸ್ತೆಗೆ ಓಡಿದರು, ಹಿಂದೆಯೇ ನಾನು. ಬಸ್ ಸ್ಟ್ಯಾಂಡಿನ ಹತ್ತಿರ, ದೊಡ್ಡ ರಸ್ತೆಯ ಆಚೆ ಬದಿ, ಮಗು ನಿಂತಿತ್ತು. ಬಸ್ಸುಗಳ ನಡುವೆ ಒಂದು ಹೆಜ್ಜೆ ಮುಂದಿಡುತ್ತದೆ, ಹಿಂದೆ ಸರಿಯುತ್ತದೆ. ಅತ್ತೆ ರಸ್ತೆ ಮಧ್ಯಕ್ಕೆ ನುಗ್ಗಿ ಎರಡೂ ಕೈ ಚಾಚಿದರು. “ನಿಲ್ಸಲೇ ಬಸ್ಸು!” ಬಸ್ಸು ನಿಂತಿತು. ಡ್ರೈವರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಎತ್ತಿಕೊಂಡರೆ ಮಗುವಿನ ಅಂಗಾಲು ಟಾರಿಗೆ ಸುಟ್ಟು ಕೆಂಪಾಗಿತ್ತು. ಮುಷ್ಟಿಯಲ್ಲಿ ಚೀಟಿ!

“ಅವ್ವ ಮರ್ತಿತ್ತು. ಅಯ್ಯನೋರ್ನೇ ವಾಪಸ್ ಕಳಿಸ್ದಲ್ಲಜ್ಜಿ, ನಮ್ಮವ್ವನ್ನ ಬುಡ್ತೀಯಾ? ಅದ್ಕೇ ನೀ ಆ ಅಜ್ಜಿ ಜೊತೆ ಜಗಳ ಆಡ್ತಿದ್ದಾಗ ಓಗಿ ತಂದೆ. ನೀ ಎಣ್ಸಿದ್ರೆ ಇರ್ಲಿ ಅಂತ ಚಪ್ಲಿ ಬುಟ್ಟೋಗಿದ್ದೆ.”

ಅತ್ತೆ ರಸ್ತೆ ಬದಿಯಲ್ಲೇ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಯಾರೂ ದೂರು ಕೊಡಲಿಲ್ಲ. ಅತ್ತೆಯೇ ಕಮಿಟಿಗೆ ಹೋಗಿ, “ಚೀಟಿ ನೋಡ್ದೆ, ಚಪ್ಲಿ ನೋಡ್ದೆ, ಮಗೀನ ನೋಡ್ಲಿಲ್ಲ. ಕ್ಲಾಸು ಹುಡುಗ್ರಿಗೇ ಕೊಡಿ” ಎಂದು ಬಂದರು.

ಮುಂದಿನ ಭಾನುವಾರ ಅವರು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಅದೇ ಪುಟಾಣಿ ಬಂದು ಅವರ ಸೆರಗಿಗೆ ಒಂದು ಚೀಟಿ ಸಿಕ್ಕಿಸಿ, ಜೋಡಿ ಚೀಟಿಯನ್ನು ತನ್ನ ಜೇಬಿಗೆ ಇಟ್ಟುಕೊಂಡಿತು.

“ಕ್ಲಾಸಿಗೆ ಬಾ ಅಜ್ಜಿ. ಮುಗುದ್ಮೇಲೆ ನಾನೇ ಕರ್ಕೊಂಡೋಯ್ತೀನಿ. ಬ್ಯಾರೇರ್ ಜೊತೆ ಓಗ್ಬ್ಯಾಡ.”

ಪರದೆ ಹಾಕುತ್ತಿದ್ದ ಯುವಕರು ಟೀಚರಿಗೆ ಕುರ್ಚಿ ಎಳೆದರು. ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಕೆಂಪು ಚಪ್ಪಲಿಯ ಪಕ್ಕ ಅವರ ಸವೆದ ಜೋಡಿ. ನಾನು ಹೊರಗೆ ನಿಂತು ಎಣಿಸಿದೆ, ಆಮೇಲೆ ಒಳಗೆ ಇಣುಕಿ ಒಂದೊಂದೇ ಮುಖವನ್ನೂ ನೋಡಿದೆ. ಎಲ್ಲರೂ ಇದ್ದರು.